ಹಾಡುಹಗಲಲ್ಲಿ ಕೊಡೆ

ಕಳೆದ ಸೋಮವಾರ ಸೋಮವಾರಪೇಟೆ ಸಂತೆಗೆ ಹೋಗಿದ್ದವನು ಕೊಡೆ ಅಂಗಡಿಯ ಮುಂದೆ ನಿಂತೆ. ನನಗೆ ಬೇಕಿದ್ದದ್ದು ಮಡಚಿ ಚೀಲದೊಳಗೆ ತುರುಕುವಂಥ ಚಿಕ್ಕ ಕೊಡೆ. ಅಂಗಡಿಯವನು ನನ್ನನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ನೋಡಿದ. ಒಳಗೆ ಹೋಗಿ ಬಾಗಿದ ಹಿಡಿಯ ಉದ್ದ ಕಪ್ಪು ಕೊಡೆಯೊಂದನ್ನು ತಂದ.

"ಆಳುಗಳ ಹಿಂದೆ ನಿಲ್ಲೋರಿಗೆ ಇದೇ ಸರಿ ಸಾರ್. ಬಿಸಿಲಿಗೂ ಆಯ್ತು, ಊರಿಕೊಂಡು ನಿಲ್ಲೋಕೂ ಆಯ್ತು."

ನಾನು ಆಳುಗಳ ಹಿಂದೆ ನಿಲ್ಲುವವನು ಅಂತ ಇವನಿಗೆ ಯಾರು ಹೇಳಿದರು? ಎರಡು ವರ್ಷದ ಹಿಂದೆ ಬಂದಿದ್ದರೆ ಇದೇ ಮನುಷ್ಯ ನನಗೆ ಪ್ಲಾಸ್ಟಿಕ್ ಕೊಪ್ಪೆ ತೋರಿಸುತ್ತಿದ್ದ. ಆಗ ನನ್ನ ಉಗುರಿನ ಸಂದಿಯಲ್ಲಿ ಮಣ್ಣಿತ್ತು, ಸೊಂಟದಲ್ಲಿ ಕತ್ತರಿ ಇತ್ತು. ಈಗ ಸೊಂಟದಲ್ಲಿ ಡಾಕ್ಟರ್ ಕೊಟ್ಟ ಬೆಲ್ಟ್ ಇದೆ. ಸಿಟ್ಟು ಬಂತು. ಕೊಡೆ ತೆಗೆದುಕೊಂಡೆ. ಚೌಕಾಸಿ ಮಾಡಲೂ ಮರೆತೆ ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಯಿತು.

ನಮ್ಮದು ಏಳೆಕರೆ ತೋಟ. ಅರೇಬಿಕಾ, ನಡುವೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಮೂವತ್ತು ವರ್ಷ ಗಿಡ ಕಸಿ ಮಾಡುವವರ ಸಾಲಿನಲ್ಲಿ ನಾನೂ ಒಬ್ಬನಾಗಿದ್ದೆ. ಕಾಫಿ ತೋಟದಲ್ಲಿ ಕಸಿ ಅಂದರೆ ಬೇಡದ ರೆಂಬೆ ಸವರುವುದು. ಕೊಯ್ಲು ಮುಗಿದು ಹೂ ಮಳೆ ಬರುವುದರೊಳಗೆ ಕತ್ತರಿ ಹಿಡಿದು ಗಿಡದಿಂದ ಗಿಡಕ್ಕೆ ಹೋಗುವುದು ಬಿಟ್ಟರೆ ಪ್ರಪಂಚದಲ್ಲಿ ನನಗೆ ಚೆನ್ನಾಗಿ ಬರುವ ಇನ್ನೊಂದು ಕೆಲಸವಿಲ್ಲ. ಆಮೇಲೆ ಸೊಂಟ ಕೈಕೊಟ್ಟಿತು. "ಇನ್ನು ಬಗ್ಗಬೇಡಿ, ನಿಂತು ಮಾಡಿಸಿ" ಅಂದರು ಡಾಕ್ಟರ್. ಬಗ್ಗುವುದು ಕಷ್ಟ, ನಿಲ್ಲುವುದು ಸುಲಭ ಅಂತ ಅವರು ತಿಳಿದಂತಿತ್ತು.

ನಿಲ್ಲುವವನ ಮೊದಲ ಸಮಸ್ಯೆ ಕೈ. ಎಲ್ಲಿಡಬೇಕು ಅದನ್ನು? ಹಿಂದಕ್ಕೆ ಕಟ್ಟಿಕೊಂಡರೆ ಪೊಲೀಸಿನವನ ಹಾಗೆ ಕಾಣುತ್ತೇನೆ. ಮುಂದೆ ಕಟ್ಟಿಕೊಂಡರೆ ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗ. ಜೇಬಿಗೆ ಹಾಕಿದರೆ ಶನಿವಾರಸಂತೆ ಬಸ್ಸಿಗೆ ಕಾಯುವವನು. ಒಂದು ದಿನ ಮೊಬೈಲ್ ಹಿಡಿದು ನಿಂತೆ. ಐದೇ ನಿಮಿಷದಲ್ಲಿ ಆರು ಜನರ ಕೈಯಲ್ಲೂ ಮೊಬೈಲ್ ಬಂತು. ಕೊನೆಗೆ ಈ ಕೊಡೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಐಶ್ವರ್ಯ ಬಂದಿಲ್ಲ, ಸೊಂಟನೋವು ಬಂದಿದೆ. ಹಾಗಾಗಿ ಹಾಡುಹಗಲಲ್ಲೇ ಹಿಡಿಯುತ್ತೇನೆ.

ಮೇಲ್ವಿಚಾರಣೆ ಅಂದರೆ ಮೇಲೆ ನಿಂತು ವಿಚಾರ ಮಾಡುವುದು. ನಮ್ಮ ತೋಟ ಇಳಿಜಾರಾದ್ದರಿಂದ ಇದು ಅಕ್ಷರಶಃ ನಿಜ. ನಾನು ಮೇಲಿನ ಸಾಲಿನಲ್ಲಿ, ಅವರು ಕೆಳಗಿನ ಸಾಲಿನಲ್ಲಿ. ವಿಚಾರಕ್ಕೇನೂ ಬರವಿಲ್ಲ. ಆ ಹೊಸ ಹುಡುಗ ಎಡಗೈಯಲ್ಲಿ ಕತ್ತರಿಸುತ್ತಾನೆ. ಎಡಗೈ ತಪ್ಪಲ್ಲ, ಆದರೆ ನೋಡಲಾಗುವುದಿಲ್ಲ. ಇನ್ನೊಬ್ಬ ಗಿಡದ ನಡುವಿನ ಅರ್ಧ ಅಡಿ ಬಿಡಿಸದೆ ಮುಂದೆ ಹೋಗುತ್ತಾನೆ. ಮಗದೊಬ್ಬ ಒಳ್ಳೇ ರೆಕ್ಕೆಗೇ, ಅಂದರೆ ಕಾಯಿ ಹಿಡಿಯುವ ಅಡ್ಡ ರೆಂಬೆಗೇ, ಕತ್ತರಿ ಇಡುತ್ತಾನೆ. ಹೋದ ವರ್ಷ ಬೆಳೆದ ರೆಕ್ಕೆಯಲ್ಲಿ ತಾನೇ ಈ ವರ್ಷ ಹೂ ಬರಬೇಕು? ಅದು ನೆಲಕ್ಕೆ ಬೀಳುವ ಸದ್ದು ನನಗೆ ಮೇಲಿನ ಸಾಲಿಗೆ ಕೇಳುತ್ತದೆ. ಕೊಡೆಯ ಹಿಡಿ ಇನ್ನೂ ಮುರಿದಿಲ್ಲ ಅನ್ನುವುದು ಅದನ್ನು ಮಾಡಿದವನ ಹೆಚ್ಚುಗಾರಿಕೆ.

ಬೆಂಗಳೂರಿನಲ್ಲಿರುವ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡೆ. ಹೇಳಬಾರದಿತ್ತು. ಅವನೂ ಈಚೆಗೆ ಟೀಮ್ ಲೀಡ್ ಆಗಿದ್ದಾನೆ. "ಅಪ್ಪಾ, ನೀವು ಅವರನ್ನ ನಂಬಬೇಕು. ರಿಸಲ್ಟ್ ಮಾತ್ರ ನೋಡಿ" ಅಂದ. ಕಾಫಿಯಲ್ಲಿ ರಿಸಲ್ಟ್ ನೋಡಲು ಮುಂದಿನ ಡಿಸೆಂಬರ್‌ವರೆಗೆ ಕಾಯಬೇಕು ಕಣೋ ಅಂದೆ. ಅವನು ಒಂದು ವಿಡಿಯೋ ಕಳಿಸಿದ. ಕೋಟು ಹಾಕಿದ ಒಬ್ಬ ಮನುಷ್ಯ, ಕೆನ್ನೆಗೆ ಮೈಕು, ವೇದಿಕೆಯ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆಯುತ್ತ ಜನರನ್ನು ಮುನ್ನಡೆಸುವುದು ಹೇಗೆ ಅಂತ ಹೇಳುತ್ತಾನೆ. ನಾನು ನೋಡಿದ್ದು ಅವನ ಕೈಗಳನ್ನು. ಅವೂ ಒಂದು ಕಡೆ ನಿಲ್ಲಲಿಲ್ಲ. ಪಾಪ, ಅವನಿಗೆ ಯಾರೂ ಕೊಡೆ ಕೊಟ್ಟಿಲ್ಲ.

ಇಲ್ಲಿ ನನ್ನ ಚಿಕ್ಕಪ್ಪನ ವಿಷಯ ಹೇಳಬೇಕು.

ಚಿಕ್ಕಪ್ಪ ಹಂದಿಮಾಂಸ ಮಾಡುವುದರಲ್ಲಿ ಎತ್ತಿದ ಕೈ. ಸುತ್ತಿನ ನಾಲ್ಕು ಊರಿನಲ್ಲಿ ಮದುವೆಯ ಹಿಂದು ಮುಂದಿನ ಊಟವಿರಲಿ, ಗೃಹಪ್ರವೇಶದ ಮಾರನೇ ದಿನದ ಊಟವಿರಲಿ, ದೊಡ್ಡ ಪಾತ್ರೆಯ ಮುಂದೆ ಚಿಕ್ಕಪ್ಪನೇ ನಿಲ್ಲಬೇಕು. ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಮೆಣಸು, ಕೊತ್ತಂಬರಿ, ಜೀರಿಗೆ ಹುರಿಯುವಾಗ ಮಾತಾಡುತ್ತಿರಲಿಲ್ಲ. ಮಸಾಲೆ ಕಪ್ಪಗಾಗಬೇಕು, ಕರಕಲಾಗಬಾರದು. ಆ ಎರಡರ ನಡುವೆ ಇರುವುದು ಒಂದು ಉಸಿರಿನಷ್ಟು ಹೊತ್ತು. ಆ ಉಸಿರನ್ನು ಅವರು ಮೂಗಿನಲ್ಲಿ ಹಿಡಿಯುತ್ತಿದ್ದರು. ಕೊನೆಯಲ್ಲಿ ಹುಳಿಗೆ ಕಾಚಂಪುಳಿ. ಅದೂ ಅಂಗಡಿಯದ್ದಲ್ಲ. ಮಳೆಗಾಲದಲ್ಲಿ ಹಣ್ಣು ಆರಿಸಿ ತಂದು, ಬುಟ್ಟಿಯಲ್ಲಿ ಹಾಕಿ ರಸ ಇಳಿಸಿ, ಚಿಕ್ಕಮ್ಮನ ಬೈಗುಳದ ನಡುವೆ ದಿನಗಟ್ಟಲೆ ಹಿತ್ತಲ ಒಲೆಯಲ್ಲಿ ಕುದಿಸಿ, ಟಾರಿನ ಹಾಗೆ ಕಪ್ಪಗೆ ಮಂದವಾದ ಮೇಲೆ ಹಳೇ ಬ್ರಾಂದಿ ಬಾಟಲಿಗೆ ತುಂಬಿದ್ದು. ಆ ಬಾಟಲಿಯನ್ನು ಮನೆಯಿಂದಲೇ ತರುತ್ತಿದ್ದರು. ಎಷ್ಟು ಚಮಚ ಅಂತ ಕೇಳಿದರೆ "ಸಾಕು ಅನ್ನೋವಷ್ಟು" ಅನ್ನುತ್ತಿದ್ದರು.

ಅರವತ್ತೈದಾದ ಮೇಲೆ ಮಂಡಿ ಹೋಯಿತು. ಒಲೆಯ ಮುಂದೆ ಹೊತ್ತುಗಟ್ಟಲೆ ನಿಲ್ಲಲು ಆಗುತ್ತಿರಲಿಲ್ಲ. ಒಂದು ಗೃಹಪ್ರವೇಶಕ್ಕೆ ಕರೆದವರು ಬಹಳ ಗೌರವದಿಂದ ಪ್ಲಾಸ್ಟಿಕ್ ಕುರ್ಚಿ ಹಾಕಿ, "ನೀವು ಕೂತು ಹೇಳಿ ಸಾಕು, ಹುಡುಗರು ಮಾಡ್ತಾರೆ" ಅಂದರು. ಹುಡುಗರು ಅಂದರೆ ನಾನು, ನನಗಿಂತ ಚಿಕ್ಕವರು ಇಬ್ಬರು. ಆಗ ನನಗೆ ಮೂವತ್ತಮೂರು. ಚಿಕ್ಕಪ್ಪ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೊದಲ ಅರ್ಧ ಗಂಟೆ ಒಂದೇ ಸಮನೆ ಹೇಳಿದರು. ಉರಿ ಕಮ್ಮಿ ಮಾಡು. ಕಮ್ಮಿ ಅಂದ್ರೆ ಆರಿಸು ಅಂತಲ್ಲ. ಆ ಸೌಟು ಬೇಡ, ಮರದ್ದು ತಗೋ. ನಿನಗೆ ವಾಸನೆ ಬರ್ತಿಲ್ವಾ? ನೆಗಡಿ ಆದವನು ಅಡುಗೆಗೆ ಯಾಕೆ ಬಂದೆ? ನನಗೆ ನೆಗಡಿ ಆಗಿರಲಿಲ್ಲ.

ಆಮೇಲೆ ಮಾತು ಕಮ್ಮಿಯಾಯಿತು. ಆಮೇಲೆ ನಿಂತಿತು. ತಿರುಗಿ ನೋಡಿದರೆ ಚಿಕ್ಕಪ್ಪ ನಿದ್ದೆ ಹೋಗಿದ್ದರು. ಗದ್ದ ಎದೆಗೆ ತಾಗಿತ್ತು. ಎರಡು ಕೈಯೂ ಬಾಟಲಿಯ ಕುತ್ತಿಗೆಯನ್ನು ಭದ್ರವಾಗಿ ಹಿಡಿದಿದ್ದವು.

ಇನ್ನೂರು ಜನ ಎಲೆಯ ಮುಂದೆ ಕೂರುವ ಹೊತ್ತು. ಮಾಂಸ ಬೆಂದಿದೆ. ಕಾಚಂಪುಳಿ ಬೀಳಬೇಕು. ಎಬ್ಬಿಸೋಣ ಅಂದ ಒಬ್ಬ. ನಾನು ಬೇಡ ಅಂದೆ. ಯಾಕೆ ಬೇಡ ಅಂದೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಪಾಪ ಮಲಗಲಿ ಅಂತ ಇರಬಹುದು. ಇಲ್ಲದಿರಲೂಬಹುದು. ಆ ಮನೆಯ ಅಡುಗೆಮನೆಯಲ್ಲಿ ಸಂತೆಯಿಂದ ತಂದ ಕಾಚಂಪುಳಿಯ ಸಣ್ಣ ಬಾಟಲಿ ಇತ್ತು. ಅದನ್ನು ತರಿಸಿ, ನನಗೆ ಸಾಕು ಅನ್ನಿಸುವಷ್ಟು ಹಾಕಿದೆ.

ಜನ ಚಪ್ಪರಿಸಿ ತಿಂದರು. ಕಡುಬು ಎರಡು ಸಲ ಖಾಲಿಯಾಯಿತು. ತಿಂದು ಎದ್ದವರೆಲ್ಲ ಕೈ ಒರೆಸಿಕೊಳ್ಳುತ್ತ ನೆಟ್ಟಗೆ ಕುರ್ಚಿಯ ಹತ್ತಿರ ಹೋಗಿ, "ಏನೇ ಹೇಳಿ, ನಿಮ್ಮ ಕೈರುಚಿಯೇ ಬೇರೆ" ಅಂದರು. ಚಿಕ್ಕಪ್ಪ ಎದ್ದಿದ್ದರು. ಒಬ್ಬೊಬ್ಬರಿಗೂ ತಲೆಯಾಡಿಸಿದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮುಚ್ಚಳದವರೆಗೂ ತುಂಬಿತ್ತು. ಅದನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ನಾನು ಎಲೆ ತಂದು ಬಡಿಸಿದೆ. ಒಂದು ತುಂಡು ಬಾಯಿಗಿಟ್ಟು, ನಿಧಾನವಾಗಿ ಅಗಿದು, "ಉಪ್ಪು ಒಂದು ಚೂರು ಜಾಸ್ತಿ" ಅಂದರು. ಅಷ್ಟೇ. ಮತ್ತೆ ಯಾರು ಕರೆದರೂ ಕುರ್ಚಿಯಲ್ಲಿ ಕೂರಲು ಹೋಗಲಿಲ್ಲ. ಉಪ್ಪು ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ.

ಎಲ್ಲಿದ್ದೆ? ಕೊಡೆ.

"ಈಗ ಆರಾಮಾಗಿದ್ದೀರ ಬಿಡಿ" ಅನ್ನುವವರು ದಿನಕ್ಕೆ ಇಬ್ಬರಾದರೂ ಸಿಗುತ್ತಾರೆ. ಇವರನ್ನು ಹಿಡಿದು ಒಂದು ವಾರ ನನ್ನ ಜಾಗದಲ್ಲಿ ನಿಲ್ಲಿಸಬೇಕು. ಏನೂ ಮಾಡದೆ ದಣಿಯುವುದು ಏನು ಅಂತ ಗೊತ್ತಾಗುತ್ತದೆ. ಕಸಿ ಮಾಡುತ್ತಿದ್ದಾಗ ಸಂಜೆ ಲೆಕ್ಕವಿರುತ್ತಿತ್ತು. ಇಷ್ಟು ಸಾಲು ಮುಗೀತು ಅಂತ ಹೆಂಡತಿಗೆ ಹೇಳಬಹುದಿತ್ತು. ಈಗ ಅವಳು ಕೇಳಿದರೆ ಏನು ಹೇಳಲಿ? ಇಷ್ಟು ಹೊತ್ತು ನಿಂತೆ ಅಂತಲೇ? ಅದನ್ನು ನಮ್ಮ ಸಿಲ್ವರ್ ಓಕೂ ಹೇಳಬಹುದು. ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಹೊತ್ತು ಸಾರಲು ರೈಲು ಕಂಬಿಯ ತುಂಡೊಂದನ್ನು ಮರಕ್ಕೆ ನೇತುಹಾಕಿದ್ದಾರೆ. ರೈಲೇ ಬಾರದ ಜಿಲ್ಲೆಗೆ ಕಂಬಿ ಬಂದು ಗಂಟೆಯಾಗಿ ನೇತಾಡುತ್ತಿದೆ. ಅದನ್ನು ಬಾರಿಸಿದಾಗೆಲ್ಲ ನನಗೆ ಅದರ ಮೇಲೆ ಏನೋ ಒಂದು ಅಕ್ಕರೆ.

ಕೆಲಸದವರಲ್ಲಿ ಹಿರಿಯಳಾದ ಅಕ್ಕನೊಬ್ಬಳಿದ್ದಾಳೆ. ಇಪ್ಪತ್ತು ವರ್ಷ ನನ್ನ ಪಕ್ಕದ ಸಾಲಿನಲ್ಲೇ ಕಸಿ ಮಾಡಿದವಳು. ಒಂದು ದಿನ ತಡೆಯಲಾಗದೆ ಕೊಡೆ ಕೆಳಗಿಟ್ಟು ಸಾಲಿಗೆ ಇಳಿದೆ. "ಅಣ್ಣ, ಮೇಲೆ ಹೋಗಿ" ಅಂದಳು. ನನಗೆ ಜನರಲ್ ತಿಮ್ಮಯ್ಯನವರ ನೆನಪಾಯಿತು. ಮಡಿಕೇರಿಯಲ್ಲಿ ಅವರ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ ಆಗಿದೆ, ನೋಡಿ ಬಂದಿದ್ದೆ. ಕಾರ್ಯಪ್ಪ, ತಿಮ್ಮಯ್ಯ ಅಂತ ಇಬ್ಬರು ಸೇನಾ ಮುಖ್ಯಸ್ಥರನ್ನು ಕೊಟ್ಟ ಜಿಲ್ಲೆಯವನು ನಾನು. ಆರು ಜನರಿಂದ ಕಸಿ ಮಾಡಿಸಲು ಪರದಾಡುತ್ತಿದ್ದೇನೆ ಅನ್ನುವುದು ಬೇರೆ ಮಾತು. "ನೋಡಕ್ಕ, 1948ರಲ್ಲಿ ಕಾಶ್ಮೀರದ ಯುದ್ಧದಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ನುಗ್ಗಿಸಿದಾಗ ತಿಮ್ಮಯ್ಯನವರು ಹಿಂದೆ ನಿಂತು ಹೇಳಲಿಲ್ಲ. ಮೇಜರ್ ಜನರಲ್ ಆಗಿದ್ದರೂ ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ತಾವೇ ಇದ್ದರು" ಅಂದೆ.

ಅವಳು ಕತ್ತರಿ ನಿಲ್ಲಿಸದೆ ಕೇಳಿದಳು. "ಟ್ಯಾಂಕ್ ಅವರೇ ಓಡಿಸಿದ್ರಾ?"

"ಇಲ್ಲ, ಓಡಿಸೋರು ಬೇರೆ ಇರ್ತಾರೆ."

"ಅವರು ಕೂತಿದ್ರು, ಅಲ್ವಾ? ನೀವೂ ಹೋಗಿ ಕೂತ್ಕೊಳ್ಳಿ."

ಹೋಗಿ ಕೂತೆ. ಕಲ್ಲು ಬಿಸಿಲಿಗೆ ಕಾದಿತ್ತು.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಹಳೇ ಕತ್ತರಿ ಜೇಬಿಗಿಟ್ಟುಕೊಂಡು ತೋಟಕ್ಕೆ ಹೋದೆ. ಹೆಂಡತಿಗೆ ವಾಕಿಂಗ್ ಅಂದಿದ್ದೆ. ಎಡಗೈ ಹುಡುಗ ಮಾಡಿದ್ದ ಸಾಲಿನಲ್ಲಿ ಐದು ಗಿಡ, ಐದೇ ಗಿಡ, ನನಗೆ ಬೇಕಾದ ಹಾಗೆ ಮಾಡಿ ಮುಗಿಸಿದೆ. ಸೊಂಟ ಕಿರುಗುಟ್ಟಿತು. ಬೆಳಕು ಸ್ವಲ್ಪ ಕಮ್ಮಿಯಿತ್ತು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಆದರೂ ಆ ರಾತ್ರಿ ಬಂದಂಥ ನಿದ್ದೆ ಎರಡು ವರ್ಷದಲ್ಲಿ ಬಂದಿರಲಿಲ್ಲ.

ಬೆಳಿಗ್ಗೆ ಕೊಡೆ ಹಿಡಿದು ಮೇಲಿನ ಸಾಲಿಗೆ ಬರುವ ಹೊತ್ತಿಗೆ ಅಕ್ಕ ಆ ಐದು ಗಿಡಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಡಗೈ ಹುಡುಗನೂ ಪಕ್ಕದಲ್ಲಿದ್ದ.

"ಅಣ್ಣ, ಇಲ್ಲಿ ನೋಡಿ. ನಿನ್ನೆ ಹುಡುಗ ಎಷ್ಟು ಚೆನ್ನಾಗಿ ಮಾಡಿಟ್ಟಿದ್ದ. ಯಾರೋ ಬಂದು ಒಳ್ಳೊಳ್ಳೆ ರೆಕ್ಕೆನೆಲ್ಲಾ ಸವರಿ ಹಾಕಿದ್ದಾರೆ."

"ಆನೆ ಬಂದಿರಬೇಕು" ಅಂದೆ.

"ಕತ್ತರಿ ಹಿಡ್ಕೊಂಡಾ?"

ಬಿಸಿಲು ಇನ್ನೂ ಏರಿರಲಿಲ್ಲ. ನಾನು ಕೊಡೆ ಬಿಚ್ಚಿದೆ.