ನನ್ನ ಒಂದು ತೋಟೆ, ಅವರ ಹನ್ನೆರಡು ಸಾವಿರ

ಚುನಾವಣೆ ಘೋಷಣೆಯಾದ ಕೂಡಲೇ ನನ್ನ ಒಂಟಿ ನಳಿಗೆಯ ಕೋವಿ ಠಾಣೆಗೆ ಹೋಗಿ ಕೂರಬೇಕು. ತೋಟದ ಮಂಗಗಳನ್ನು ಹೆದರಿಸಿದ್ದು ಬಿಟ್ಟರೆ ಅದು ಯಾರಿಗೂ ಏನೂ ಮಾಡಿಲ್ಲ. ಈ ಸಲ ಅದರ ನಂಬರನ್ನು ಮೂರು ಕಡೆ ಬರೆದುಕೊಂಡರು. ತೋಟೆ ಎಷ್ಟು ಉಳಿದಿದೆ ಅಂತ ಕೇಳಿದರು. ಹನ್ನೊಂದು ಅಂದೆ. "ಹನ್ನೆರಡು ಇರಬೇಕಲ್ಲ ಭಟ್ರೇ?" ಗಾಳಿಗೆ ಹಾರಿಸಿದ ಆ ಒಂದಕ್ಕೆ ಅರ್ಧ ಗಂಟೆ ವಿವರಣೆ ಕೊಟ್ಟೆ.

ಹೊರಗೆ ಬರುವಾಗ ತಿರುವನಂತಪುರ ನೆನಪಾಗಿ ಹೊಟ್ಟೆ ಉರಿಯಿತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ, ಕೇರಳ ಪೊಲೀಸರ ಬಗ್ಗೆ 2020ರ ಫೆಬ್ರವರಿಯಲ್ಲಿ ಕೊಟ್ಟ ವರದಿಯನ್ನು ನೀವೂ ಓದಿರುತ್ತೀರಿ. ಅಲ್ಲಿನ ಸ್ಪೆಷಲ್ ಆರ್ಮ್ಡ್ ಪೊಲೀಸ್ ಬೆಟಾಲಿಯನ್ನಿನಲ್ಲಿ 25 ಇನ್ಸಾಸ್ ರೈಫಲ್, 12,061 ಗುಂಡು ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಎಂಥ ವೈರಾಗ್ಯ ನೋಡಿ!

ರೈಫಲ್ ಎಲ್ಲಿ ಎಂದರೆ ಬೆಟಾಲಿಯನ್ನಿನವರು ಎ.ಆರ್. ಕ್ಯಾಂಪಿಗೆ, ಅಂದರೆ ಸಶಸ್ತ್ರ ಮೀಸಲು ಪೊಲೀಸರ ಶಿಬಿರಕ್ಕೆ, ಕೊಟ್ಟಿದ್ದೇವೆ ಎಂದರು. ಕ್ಯಾಂಪಿನವರು ನಮಗೆ ಬಂದೇ ಇಲ್ಲ ಎಂದರು. ನಮ್ಮ ಕಡೆ ಮದುವೆ ಮನೆಗೆ ಕೊಟ್ಟ ಕಡಾಯಿಗಳು ಹೀಗೇ ಮಾಯವಾಗುತ್ತವೆ. ಆದರೆ ಕಡಾಯಿಗೆ ಅಜ್ಜನ ಹೆಸರು ಕೊರೆಸಿರುತ್ತೇವೆ. ಹತ್ತು ವರ್ಷದ ಮೇಲಾದರೂ ಯಾರದ್ದೋ ಗೃಹಪ್ರವೇಶದಲ್ಲಿ, ತಳಕ್ಕೆ ಪಾಯಸ ಹಿಡಿದುಕೊಂಡು ಸಿಗುತ್ತದೆ. ನಮ್ಮತ್ತೆ ಒಮ್ಮೆ ಊಟದ ಪಂಕ್ತಿಯಿಂದ ಎದ್ದು ಹೋಗಿ ತಮ್ಮ ಸೌಟು ಗುರುತಿಸಿದ್ದರು. ಅವರನ್ನು ಆಡಿಟ್‌ಗೆ ಕಳಿಸಬೇಕಿತ್ತು.

ಬೆಟಾಲಿಯನ್ನಿನ ರಿಜಿಸ್ಟರಿನಲ್ಲಿ ತಿದ್ದಿದ್ದು, ಗೀಚಿದ್ದು, ಮೇಲೆ ವೈಟ್ನರ್ ಬೇರೆ. ನನ್ನ ಮಗಳ ಅಂಕಪಟ್ಟಿಯ ಜೆರಾಕ್ಸಿನಲ್ಲಿ ಒಂದು ಮಸಿ ಚುಕ್ಕೆ ಇತ್ತು ಅಂತ ಅರ್ಜಿ ವಾಪಸ್ ಬಂದಿತ್ತು, ಅಷ್ಟೇ.

ನನಗೆ ಇಷ್ಟವಾದದ್ದು ಡ್ರಿಲ್ ತೋಟೆಗಳ ಕಥೆ. ಡ್ರಿಲ್ ತೋಟೆ ಸಿಡಿಯುವುದಿಲ್ಲ, ಅಭ್ಯಾಸಕ್ಕೆ ಇಟ್ಟದ್ದು. ಅಂಥ 250 ಕಳೆದುಹೋಗಿ, ಆ ಜಾಗದಲ್ಲಿ 250 ನಕಲಿ ತೋಟೆ ಕೂತಿದ್ದವು. ಸುಳ್ಳು ತೋಟೆಗೂ ಡೂಪ್ಲಿಕೇಟ್! ಆಮೇಲೆ ಕ್ರೈಂ ಬ್ರಾಂಚ್‌ನವರು ಖಾಲಿ ತೋಟೆ ಕರಗಿಸಿ ಎರಕ ಹೊಯ್ದ ಲಾಂಛನವೊಂದನ್ನೂ ವಶಪಡಿಸಿಕೊಂಡರು. ಲೆಕ್ಕ ತಪ್ಪಿದರೂ ಹಿತ್ತಾಳೆ ದಂಡವಾಗಲಿಲ್ಲ.

ರೈಫಲ್ ಎಲ್ಲೂ ಹೋಗಿಲ್ಲ, 1994ರಿಂದ ಬರವಣಿಗೆಯಲ್ಲಿ ತಪ್ಪಾಗಿದೆ ಅಂತ ಕೇರಳ ಸರ್ಕಾರ ಹೇಳಿತು. ಕ್ರೈಂ ಬ್ರಾಂಚ್‌ನವರು ಎಣಿಸಿದಾಗ 660 ರೈಫಲ್‌ಗಳಲ್ಲಿ 647 ಬೆಟಾಲಿಯನ್ನಿನ ಕ್ಯಾಂಪಿನಲ್ಲೇ ಇದ್ದವು. ಉಳಿದ 13 ತರಬೇತಿಗೆ ಹೋದವರ ಜೊತೆ ಮಣಿಪುರದಲ್ಲಿ ಇದ್ದವಂತೆ. ಸರಿ, ನಂಬೋಣ. ಹಾಗಾದರೆ ಆಡಿಟ್‌ನವರು ಕೇಳಿದ ದಿನವೇ ಬಾಗಿಲು ತೆಗೆದು ಎಣಿಸಿ ತೋರಿಸಲು ಏನು ಅಡ್ಡಿಯಿತ್ತು? ಅದೇ ವರದಿಯಲ್ಲಿ ಕೆಳಹಂತದ ಪೊಲೀಸರ ಕ್ವಾರ್ಟರ್ಸ್‌ಗೆ ಇಟ್ಟ 2.81 ಕೋಟಿ ರೂಪಾಯಿ ದೊಡ್ಡ ಸಾಹೇಬರ ವಿಲ್ಲಾಗಳಿಗೆ ಹೋದ ವಿಷಯವೂ ಇದೆ. ಅಲ್ಲಿ ಮಾತ್ರ ಒಂದು ಇಟ್ಟಿಗೆಯ ಲೆಕ್ಕವೂ ತಪ್ಪಿರಲಿಕ್ಕಿಲ್ಲ.

ಮಣಿಪುರ ಅಂದೆನಲ್ಲ. 2023ರ ಜನಾಂಗೀಯ ಗಲಭೆಯಲ್ಲಿ ಜನ ಅಲ್ಲಿನ ಪೊಲೀಸ್ ಶಸ್ತ್ರಾಗಾರಗಳಿಗೇ ನುಗ್ಗಿ ಸಾವಿರಾರು ಬಂದೂಕು ಹೊತ್ತೊಯ್ದರು. ಒಬ್ಬ ಶಾಸಕರು ಮನೆ ಮುಂದೆ ಡಬ್ಬ ಇಟ್ಟು, ದೋಚಿದ ಆಯುಧ ಇದರೊಳಗೆ ಹಾಕಿ ಅಂತ ಬರೆಸಿದರು. ನಗಲು ಹೊರಟೆ, ಆಗಲಿಲ್ಲ. ಆ ಬಂದೂಕುಗಳ ಎದುರಿಗೆ ಸಿಕ್ಕವರೂ ಮನುಷ್ಯರೇ. ಎಷ್ಟು ಹೋಯಿತು, ಎಷ್ಟು ಬಂತು ಅಂತ ಪೇಪರಿನಲ್ಲಿ ಹುಡುಕಿ ಹುಡುಕಿ ಸಾಕಾಗಿದೆ.

ನಮ್ಮೂರಿನ ಚುನಾವಣೆ ಮುಗಿದು ಹದಿನೈದು ದಿನವಾಯಿತು. ಮಂಗಗಳು ಬಾಳೆಗೊನೆ ಮುಗಿಸಿ ಎಳನೀರಿಗೆ ಕೈ ಹಾಕಿವೆ. ರಶೀದಿ ಹಿಡಿದು ನಿನ್ನೆ ಠಾಣೆಗೆ ಹೋಗಿದ್ದೆ. ಬೀರುವಿನ ಕೀಲಿ ಸಾಹೇಬರ ಹತ್ತಿರ ಇದೆಯಂತೆ. ಸಾಹೇಬರು ರಜೆಯಲ್ಲಿದ್ದಾರಂತೆ.