ರೇವಣ್ಣನವರ ರಾಜಕಾರಣ ತಿಳಿಯಬೇಕಾದರೆ ಊರ ಡೇರಿ ಬಾಗಿಲಿಗೆ ಹೋಗಿ

ಮಾಜಿ ಪ್ರಧಾನಿ ದೇವೇಗೌಡರ ಮಗ, ಹೊಳೆನರಸೀಪುರದ ಜೆಡಿಎಸ್ ನಾಯಕ ಎಚ್.ಡಿ. ರೇವಣ್ಣನವರ ಮಾತು ಬಂದಾಗಲೆಲ್ಲ ಟಿ.ವಿ.ಯವರು ನಿಂಬೆಹಣ್ಣು, ವಾಸ್ತು, ರಾಹುಕಾಲ ಅಂತಲೇ ಶುರು ಮಾಡುತ್ತಾರೆ. ಅದನ್ನು ಎಷ್ಟು ಹೊತ್ತು ನೋಡಿದರೂ ಹಾಸನ ಜಿಲ್ಲೆ ಒಂದು ಕುಟುಂಬದ ಕೈಯಲ್ಲಿ ಇಷ್ಟು ವರ್ಷ ಹೇಗೆ ಉಳಿಯಿತು ಎನ್ನುವುದು ಗೊತ್ತಾಗುವುದಿಲ್ಲ. ಅಪ್ಪ ಪ್ರಧಾನಿಯಾಗಿದ್ದರು, ಅದಕ್ಕೇ ಮಗ ಗೆದ್ದರು ಎನ್ನುವವರೂ ಪೂರ್ತಿ ಸರಿಯಿಲ್ಲ. ದೇವೇಗೌಡರು ಪ್ರಧಾನಿಯಾಗಿದ್ದದ್ದು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ. ಆ ಹೆಸರು ಇನ್ನೂ ಬಿಸಿಯಾಗಿದ್ದ 1999ರಲ್ಲೇ ರೇವಣ್ಣ ಹೊಳೆನರಸೀಪುರದಲ್ಲಿ ಕಾಂಗ್ರೆಸ್ಸಿನ ಎ. ದೊಡ್ಡೇಗೌಡರ ಎದುರು ಸೋತರು. ಅದೇ ವರ್ಷ ಗೌಡರೂ ಹಾಸನ ಲೋಕಸಭೆಯಲ್ಲಿ ಜಿ. ಪುಟ್ಟಸ್ವಾಮಿಗೌಡರ ಎದುರು ಸೋತರು. ಹೆಸರೊಂದರಿಂದಲೇ ಗೆಲ್ಲುವುದಾಗಿದ್ದರೆ ಇಬ್ಬರೂ ಸೋಲುತ್ತಿರಲಿಲ್ಲ.

1994ರಲ್ಲಿ ಮೊದಲ ಗೆಲುವು, 1999ರಲ್ಲಿ ಸೋಲು, ಆಮೇಲೆ 2004, 2008, 2013, 2018, 2023 ಸತತ ಐದು ಗೆಲುವು. ಇದರ ಬೇರು ಇರುವುದು ಹಾಲಿನ ಕ್ಯಾನಿನಲ್ಲಿ ಮತ್ತು ರಸ್ತೆಯ ಎಸ್ಟಿಮೇಟಿನಲ್ಲಿ. ಈ ಎರಡನ್ನು ಬಿಟ್ಟು ರೇವಣ್ಣನವರನ್ನು ಹೊಗಳಿದರೂ ಬೈದರೂ ವ್ಯರ್ಥ.

ಮೊದಲು ಹಾಲು. ಸಹಕಾರದ ದಾರಿ ಈ ಮನೆಗೆ ಹೊಸದಲ್ಲ. ಸ್ವತಃ ದೇವೇಗೌಡರು ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿ, ಗುತ್ತಿಗೆ ಕೆಲಸ ಮಾಡಿ, ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾಗಿ, ತಾಲ್ಲೂಕು ಬೋರ್ಡಿಗೆ ಬಂದು, 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಹೋದವರು. ಮಗ ಆ ದಾರಿಯನ್ನು ಹಾಲಿನ ಕಡೆಗೆ ತಿರುಗಿಸಿದರು. ಹಾಸನ ಹಾಲು ಒಕ್ಕೂಟದ ವ್ಯಾಪ್ತಿ ಹಾಸನ ಜಿಲ್ಲೆಯೊಂದೇ ಅಲ್ಲ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳೂ ಅದಕ್ಕೆ ಸೇರಿವೆ. ರೇವಣ್ಣ ಅದರ ಅಧ್ಯಕ್ಷರಾಗಿ ಬಹುಕಾಲ ಕೂತರು. ಬೆಂಗಳೂರಿನಲ್ಲಿ ರಾಜ್ಯದ ಹಾಲು ಮಹಾಮಂಡಳವಾದ ಕೆಎಂಎಫ್ ಅಧ್ಯಕ್ಷಗಿರಿಯೂ ಅವರ ಕೈಯಲ್ಲಿತ್ತು. ಬಿಜೆಪಿ ಸರ್ಕಾರ ಬಂದ ಮೇಲೆ 2009ರಲ್ಲಿ ಅದು ಸೋಮಶೇಖರ ರೆಡ್ಡಿಯವರ ಪಾಲಾಯಿತು. 2019ರಲ್ಲಿ ಮತ್ತೆ ಪ್ರಯತ್ನಿಸಿದಾಗ ಬಾಲಚಂದ್ರ ಜಾರಕಿಹೊಳಿ ಅಧ್ಯಕ್ಷರಾದರು. ಬೆಂಗಳೂರಿನ ಕುರ್ಚಿ ಹೋದರೂ ಜಿಲ್ಲೆಯ ಹಿಡಿತ ಹೋಗಲಿಲ್ಲ. ಯಾಕೆಂದರೆ ಹಿಡಿತ ಇರುವುದು ಊರ ಡೇರಿಯಲ್ಲಿ.

ಅದು ಹೀಗೆ. ಊರಿನ ಹಾಲು ಉತ್ಪಾದಕರ ಸಂಘಕ್ಕೆ ಷೇರು ಕಟ್ಟಿ, ವರ್ಷದಲ್ಲಿ ನಿಗದಿಯಾದಷ್ಟು ದಿನ, ನಿಗದಿಯಾದಷ್ಟು ಲೀಟರ್ ಹಾಲು ಹಾಕಿದವರಿಗೆ ಮಾತ್ರ ಮತ. ಅವರು ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಆರಿಸುತ್ತಾರೆ. ಆ ಮಂಡಳಿ ತನ್ನೊಳಗಿನ ಒಬ್ಬರನ್ನು ಡೆಲಿಗೇಟ್ ಎಂದು ಬರೆದು ಕಳಿಸುತ್ತದೆ. ಒಕ್ಕೂಟದ ನಿರ್ದೇಶಕರ ಚುನಾವಣೆಯಲ್ಲಿ ಮತ ಹಾಕುವವರು ಈ ಡೆಲಿಗೇಟ್‌ಗಳು ಮಾತ್ರ. ಅಂದರೆ ಇನ್ನೂರು ಜನ ಹಾಲು ಹಾಕುವ ಊರಿಗೂ ಒಂದೇ ಮತ, ಐವತ್ತು ಜನ ಹಾಕುವ ಊರಿಗೂ ಒಂದೇ ಮತ. ಒಂದು ತಾಲ್ಲೂಕಿನ ನಿರ್ದೇಶಕನನ್ನು ಗೆಲ್ಲಿಸಲು ಸಾವಿರಾರು ರೈತರ ಮನವೊಲಿಸಬೇಕಾಗಿಲ್ಲ. ಊರಿಗೊಬ್ಬ ಡೆಲಿಗೇಟ್ ಯಾರಾಗಬೇಕು ಎನ್ನುವುದನ್ನು ಮೊದಲೇ ಕಟ್ಟಿಕೊಂಡರೆ ಸಾಕು. ಆ ಡೆಲಿಗೇಟೇ ವಿಧಾನಸಭೆ ಚುನಾವಣೆಯಲ್ಲಿ ಬೂತ್ ಏಜೆಂಟ್. ಅವನಿಗೆ ಯಾರ ಮನೆಯಲ್ಲಿ ಎಷ್ಟು ಹಸು, ಯಾರಿಗೆ ಬಟವಾಡೆ ಬಾಕಿ, ಯಾರ ಹಸು ಸತ್ತು ವಿಮೆ ಬಂದಿಲ್ಲ ಎಂಬುದೆಲ್ಲ ಗೊತ್ತು. ಯಾವ ಪಕ್ಷದ ಕಾರ್ಯಕರ್ತನಿಗೂ ಇಷ್ಟು ವಿವರ ತಿಳಿದಿರುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ನೋಡಿ. ಎರಡು ಎಚ್‌ಎಫ್ ತಳಿಯ ಹಸು ಕಟ್ಟಿದ ಮನೆ ದಿನಕ್ಕೆ 15 ಲೀಟರ್ ಹಾಕಿದರೆ ತಿಂಗಳಿಗೆ 450 ಲೀಟರ್. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ, ಅದೊಂದೇ ತಿಂಗಳಿಗೆ 2,250 ರೂಪಾಯಿ. ಮಳೆ ಕೈಕೊಟ್ಟು ಆಲೂಗೆಡ್ಡೆ ಹೋದ ವರ್ಷವೂ, ಜೋಳಕ್ಕೆ ರೇಟಿಲ್ಲದ ವರ್ಷವೂ ಸಂಸಾರ ನಡೆಸಿದ್ದು ಡೇರಿ ಬಟವಾಡೆ. ಆ ಬಟವಾಡೆ ತಪ್ಪದೆ ಬರುವ ಹಾಗೆ ನೋಡಿಕೊಂಡವರನ್ನು ರೈತ ನೆನೆಯುತ್ತಾನೆ. ಅದು ಕುರುಡು ಭಕ್ತಿ ಅಲ್ಲ, ಲೆಕ್ಕ ಬಲ್ಲವನ ಕೃತಜ್ಞತೆ. ರೇವಣ್ಣನವರಿಗೆ ಇದರಲ್ಲಿ ಸಲ್ಲಬೇಕಾದ್ದು ಸಲ್ಲಬೇಕು ಎಂದೇ ನನ್ನ ಅಭಿಪ್ರಾಯ.

ಇನ್ನು ಲೋಕೋಪಯೋಗಿ. ಜೆ.ಎಚ್. ಪಟೇಲರ ಸಂಪುಟದಲ್ಲಿ ವಸತಿ ಸಚಿವರಾಗಿದ್ದವರು, 2004ರ ನಂತರದ ಸಮ್ಮಿಶ್ರ ಸರ್ಕಾರಗಳಲ್ಲಿ ಹಿಡಿದದ್ದು ಈ ಪಿಡಬ್ಲ್ಯುಡಿ ಖಾತೆ. 2018ರಲ್ಲಿ ತಮ್ಮ ಕುಮಾರಸ್ವಾಮಿ ಮುಖ್ಯಮಂತ್ರಿಯಾದಾಗಲೂ ಅಣ್ಣ ಕೇಳಿ ಪಡೆದದ್ದು ಅದನ್ನೇ. ಈ ಖಾತೆಯ ಬೆಲೆ ಹೊರಗಿನವರಿಗೆ ಬೇಗ ಗೊತ್ತಾಗುವುದಿಲ್ಲ. ಒಂದು ರಸ್ತೆ ಆಗಬೇಕಾದರೆ ಸಬ್‌ಡಿವಿಷನ್ ಎಂಜಿನಿಯರ್ (ಎಇಇ) ಇಲಾಖೆಯ ದರಪಟ್ಟಿಯ (ಎಸ್‌ಆರ್) ದರ ಹಾಕಿ ಎಸ್ಟಿಮೇಟ್ ಮಾಡಬೇಕು, ಬಜೆಟ್ಟಿನ ಕಾಮಗಾರಿ ಪಟ್ಟಿಯಾದ ಅಪೆಂಡಿಕ್ಸ್-ಇಯಲ್ಲಿ ಕಾಮಗಾರಿಯ ಹೆಸರು ಬರಬೇಕು, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ವರ್ಕ್ ಆರ್ಡರ್, ಆಮೇಲೆ ಎಂಬಿ ಎನ್ನುವ ಅಳತೆ ಪುಸ್ತಕದಲ್ಲಿ ಲೆಕ್ಕ, ಬಿಲ್ಲು, ಕೊನೆಗೆ ಹಣ ಬಿಡುಗಡೆಯ ಪತ್ರ, ಅಂದರೆ ಎಲ್‌ಒಸಿ. ಎಲ್ಲಿ ಫೈಲು ನಿಂತಿದೆ, ಯಾವ ಎಂಜಿನಿಯರ್ ಬಳಿ ಇದೆ ಎಂದು ಈ ಹಂತಗಳ ಲೆಕ್ಕದಲ್ಲೇ ಕೇಳುವ ಶಾಸಕನ ಕ್ಷೇತ್ರಕ್ಕೆ ರಸ್ತೆ ಬರುತ್ತದೆ. ವೇದಿಕೆಯಲ್ಲಿ ಭರವಸೆ ಕೊಟ್ಟು ಮರೆತವನ ಕ್ಷೇತ್ರಕ್ಕೆ ಬರುವುದಿಲ್ಲ. ರೇವಣ್ಣ ಮೊದಲನೇ ಬಗೆಯವರು. ಅಧಿಕಾರಿಗಳ ಮೇಲೆ ಸದನದಲ್ಲಿ ಹರಿಹಾಯುವಾಗಲೂ ಅವರ ಕೈಯಲ್ಲಿ ಕಾಗದಗಳ ಕಟ್ಟು ಇರುತ್ತದೆ.

ಕೆಡುವುದು ಎಲ್ಲಿ ಎಂದರೆ, ಮಂತ್ರಿ ತನ್ನ ಊರಿನವನಾದಾಗ ಹೊಸ ಕಾಮಗಾರಿಗಳ ಪಟ್ಟಿ ಅನುದಾನಕ್ಕಿಂತ ಉದ್ದವಾಗುತ್ತದೆ. ಸರ್ಕಾರ ಬಿದ್ದ ಮರುದಿನ ಹೊಸಬರು ಆ ಪಟ್ಟಿಗೆ ತಡೆ ಹಾಕುತ್ತಾರೆ. ಅರ್ಧ ಜಲ್ಲಿ ಬಿದ್ದ ರಸ್ತೆ ಹಾಗೇ ಉಳಿಯುತ್ತದೆ, ಗುತ್ತಿಗೆದಾರ ಎಲ್‌ಒಸಿಗಾಗಿ ಅಲೆಯುತ್ತಾನೆ, ನಿರ್ವಹಣೆಯ ದುಡ್ಡು ಹೊಸ ಕೆಲಸದ ಹಿಂದೆ ಓಡಿ ಹಳೆ ರಸ್ತೆ ಗುಂಡಿ ಬೀಳುತ್ತದೆ. ಕಾಲೇಜು ಕಟ್ಟಡಗಳ ಮಾತೂ ಇದೇ: ಕಟ್ಟಡ ಮಂತ್ರಿಯ ಬಲದಿಂದ ಏಳುತ್ತದೆ, ಉಪನ್ಯಾಸಕರ ಹುದ್ದೆ ತುಂಬಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಅಷ್ಟರಲ್ಲಿ ಮಂತ್ರಿಗಿರಿ ಮುಗಿದಿರುತ್ತದೆ. ಒಬ್ಬ ಮನುಷ್ಯನ ಒತ್ತಡದಿಂದ ಬಂದದ್ದು ಆ ಮನುಷ್ಯನ ಅಧಿಕಾರ ಇರುವಷ್ಟು ದಿನ ಮಾತ್ರ ನಡೆಯುತ್ತದೆ.

ನನ್ನ ದೊಡ್ಡ ತಕರಾರು ಇಲ್ಲೇ ಇದೆ. ಎಲ್ಲ ಕೆಲಸವೂ ಒಂದೇ ಮನೆಯ ಬಾಗಿಲಿನಿಂದ ಹಾದು ಹೋಗಬೇಕಾದಾಗ ಎರಡನೇ ಸಾಲಿನ ನಾಯಕ ಬೆಳೆಯುವುದಿಲ್ಲ. ಬೆಳೆದವನು ಹೊರಗೆ ಹೋಗುತ್ತಾನೆ. ಅರಸೀಕೆರೆಯ ಕೆ.ಎಂ. ಶಿವಲಿಂಗೇಗೌಡರು ಕಾಂಗ್ರೆಸ್ಸಿಗೆ ಹೋದರು, ಅರಕಲಗೂಡಿನ ಎ.ಟಿ. ರಾಮಸ್ವಾಮಿ ಬಿಜೆಪಿಗೆ ಹೋದರು. 2018ರಲ್ಲಿ ಜಿಲ್ಲೆಯ 7 ಸ್ಥಾನಗಳಲ್ಲಿ 6 ಜೆಡಿಎಸ್‌ನದು, 2023ರಲ್ಲಿ ಅದು 4ಕ್ಕೆ ಇಳಿಯಿತು. ಅದೇ ಹೊತ್ತಿಗೆ ಮನೆಯೊಳಗಿನ ಪಟ್ಟಿ ಉದ್ದವಾಗುತ್ತಿತ್ತು: 2019ರಲ್ಲಿ ಮಗ ಪ್ರಜ್ವಲ್ ಲೋಕಸಭೆಗೆ, 2021ರ ಡಿಸೆಂಬರ್ ಚುನಾವಣೆಯಲ್ಲಿ ಇನ್ನೊಬ್ಬ ಮಗ ಸೂರಜ್ ವಿಧಾನ ಪರಿಷತ್ತಿಗೆ, 2023ರಲ್ಲಿ ಹಾಸನದ ಟಿಕೆಟ್ಟಿಗೆ ಹೆಂಡತಿ ಭವಾನಿಯವರ ಹೆಸರು. ಆ ಟಿಕೆಟ್ಟಿನ ಜಗ್ಗಾಟದಲ್ಲಿ ಕೊನೆಗೆ ದಿವಂಗತ ಎಚ್.ಎಸ್. ಪ್ರಕಾಶರ ಮಗ ಸ್ವರೂಪರಿಗೆ ಬಿ ಫಾರಂ ಸಿಕ್ಕಿತು, ಅವರು ಬಿಜೆಪಿಯ ಪ್ರೀತಂಗೌಡರ ಎದುರು ಗೆದ್ದರು. ಮನೆಯಿಂದ ಹೊರಗಿನವರಿಗೆ ಅವಕಾಶ ಕೊಟ್ಟ ಕಡೆ ಪಕ್ಷ ಕಳೆದುಕೊಂಡಿದ್ದ ಸೀಟು ವಾಪಸ್ ಬಂತು ಎನ್ನುವುದನ್ನು ಕುಟುಂಬದವರು ಗಮನಿಸಬೇಕಿತ್ತು.

ಹೊಳೆನರಸೀಪುರದ ಅಂಕಿಗಳು ಇನ್ನೂ ಸ್ಪಷ್ಟ. 2018ರಲ್ಲಿ ರೇವಣ್ಣನವರಿಗೆ 1,08,541 ಮತ, ಕಾಂಗ್ರೆಸ್ಸಿಗೆ 64,709. ಅಂತರ 43,832. 2023ರಲ್ಲಿ ರೇವಣ್ಣನವರಿಗೆ 88,103, ಕಾಂಗ್ರೆಸ್ಸಿನ ಶ್ರೇಯಸ್ ಪಟೇಲರಿಗೆ 84,951. ಅಂತರ ಬರೀ 3,152. ಇವರಿಗೆ ಕಡಿಮೆಯಾದದ್ದು 20,438, ಅವರಿಗೆ ಹೆಚ್ಚಾದದ್ದು 20,242. ಇಷ್ಟು ಹತ್ತಿರದ ಲೆಕ್ಕ ಕಂಡಾಗ ನನಗೆ ತೋರುವುದು ಒಂದೇ: ಮತ ಚದುರಲಿಲ್ಲ, ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂತಿತು. ಇಪ್ಪತ್ತು ಸಾವಿರ ಜನರ ಮನಸ್ಸು ಒಂದೇ ರಾತ್ರಿಯಲ್ಲಿ ತಿರುಗುವುದಿಲ್ಲ. ಊರಲ್ಲಿ ಮುಂದಾಳಾಗಿದ್ದವನು ಹಿಂದೆ ಸರಿದಿರಬೇಕು.

ಆದರೆ ಆ ಕಡೆ ಕೂತವರೂ ಮನೆತನದವರೇ. 1989ರಲ್ಲಿ ಹೊಳೆನರಸೀಪುರದಲ್ಲಿ ದೇವೇಗೌಡರನ್ನೇ ಸೋಲಿಸಿದವರು ಪುಟ್ಟಸ್ವಾಮಿಗೌಡರು. 2013ರಲ್ಲಿ ಅವರ ಸೊಸೆ ಅನುಪಮಾ ರೇವಣ್ಣನವರ ಎದುರು ನಿಂತರು. ಮೊಮ್ಮಗ ಶ್ರೇಯಸ್ 2023ರಲ್ಲಿ ರೇವಣ್ಣನವರಿಗೆ ಸೋತು, 2024ರಲ್ಲಿ ಪ್ರಜ್ವಲರನ್ನು 42,649 ಮತಗಳಿಂದ ಸೋಲಿಸಿ ಸಂಸದರಾದರು. ತಾತಂದಿರ ಜಗಳ ಮೊಮ್ಮಕ್ಕಳವರೆಗೆ ಬಂದಿದೆ. ಕಡೂರೂ ಸೇರಿ 8 ವಿಧಾನಸಭಾ ಕ್ಷೇತ್ರಗಳಿರುವ ಲೋಕಸಭಾ ಕ್ಷೇತ್ರಕ್ಕೆ ಎರಡೇ ಅಂಗಳದಿಂದ ಅಭ್ಯರ್ಥಿಗಳು ಬರಬೇಕೇ ಎಂದು ಇಲ್ಲಿನವರು ಎರಡೂ ಪಕ್ಷಗಳನ್ನು ಕೇಳಬೇಕು.

2024ರ ಚುನಾವಣೆ ಹೊತ್ತಿನಲ್ಲಿ ಹೊರಬಂದ ಲೈಂಗಿಕ ದೌರ್ಜನ್ಯದ ಪ್ರಕರಣಗಳ ಮಾತನ್ನು ದಾಟಿ ಹೋಗುವುದು ತಪ್ಪಾಗುತ್ತದೆ. ಪ್ರಜ್ವಲ್ ರೇವಣ್ಣ ಅತ್ಯಾಚಾರ ಪ್ರಕರಣವೊಂದರಲ್ಲಿ ಅಪರಾಧಿ ಎಂದು 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಚುನಾವಣೆಯ ದಿನಗಳಲ್ಲಿ ಹೆಂಗಸರ ವಿಡಿಯೊಗಳನ್ನು ಮೊಬೈಲಿನಿಂದ ಮೊಬೈಲಿಗೆ ಹಂಚಿದವರು ಆ ಹೆಣ್ಣುಮಕ್ಕಳಿಗೆ ಎರಡನೇ ಸಲ ಅನ್ಯಾಯ ಮಾಡಿದರು. ಅದನ್ನು ರಾಜಕೀಯ ಜಾಣತನ ಎಂದವರನ್ನು ನಾನು ಒಪ್ಪುವುದಿಲ್ಲ. ಎಲ್ಲ ಅರ್ಜಿಯೂ ಒಂದೇ ಅಂಗಳಕ್ಕೆ ಹೋಗುವ ಜಿಲ್ಲೆಯಲ್ಲಿ ಆ ಅಂಗಳದ ವಿರುದ್ಧವೇ ದೂರು ಹೇಳಬೇಕಾದ ಹೆಂಗಸಿಗೆ ಎಷ್ಟು ಧೈರ್ಯ ಬೇಕಾಗಿತ್ತು ಎಂಬುದು ನಮಗೆ ಅರ್ಥವಾಗಬೇಕು.

ಹೊಸ ಮುಖಗಳು ಬರುವ ಬಾಗಿಲು ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ. ಅವಕ್ಕೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳೇ ಕೂತಿದ್ದಾರೆ. 2021ರ ಡಿಸೆಂಬರಿನ ಪರಿಷತ್ ಚುನಾವಣೆಗೂ ಜಿ.ಪಂ., ತಾ.ಪಂ. ಸದಸ್ಯರ ಮತವೇ ಇರಲಿಲ್ಲ. ಶಾಸಕರಿಗೆ ಸ್ಪರ್ಧಿ ಹುಟ್ಟುವ ಜಾಗವೇ ಬಾಗಿಲು ಹಾಕಿದೆ, ಇದನ್ನು ತೆರೆಯಲು ಯಾವ ಪಕ್ಷದ ಶಾಸಕರೂ ಆತುರಪಡುತ್ತಿಲ್ಲ.

ಹಾಗಾಗಿ ಸದ್ಯಕ್ಕೆ ತೆರೆದಿರುವುದು ಡೇರಿ. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಳಿದು, ಹಾಲು ಕರೆದು, ಕ್ಯಾನು ಹೊತ್ತು ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಷೇರು ಮಾತ್ರ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರುತ್ತದೆ. ಹಾಗಾಗಿ ಮತವೂ ಗಂಡಸರದೇ, ಡೆಲಿಗೇಟೂ ಗಂಡಸರೇ. ಹಾಲು ಹಾಕುವವರು ಯಾರೋ ಅವರ ಹೆಸರಿಗೆ ಷೇರು ಮಾಡಿಸಿ, ರಸೀದಿ ತೆಗೆದಿಟ್ಟುಕೊಳ್ಳಿ. ಪಾಸ್‌ಬುಕ್ಕಿನಲ್ಲಿ ದಿನದ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅವರ ಹೆಸರಲ್ಲೇ ಬರೆಸಿ. ಸೆಪ್ಟೆಂಬರ್ 25ರೊಳಗೆ ನಡೆಯುವ ವಾರ್ಷಿಕ ಮಹಾಸಭೆಗೆ ಅವರನ್ನು ಕಳಿಸಿ, ಹಾಜರಿ ಪುಸ್ತಕದಲ್ಲಿ ರುಜು ಹಾಕಿಸಿ. ರುಜು ಇಲ್ಲದಿದ್ದರೆ ಚುನಾವಣೆ ಹೊತ್ತಿಗೆ ಅನರ್ಹರ ಪಟ್ಟಿಗೆ ಹೆಸರು ಬೀಳಬಹುದು, ಆಮೇಲೆ ಹೈಕೋರ್ಟಿಗೆ ಹೋಗಿ ಮತದ ಹಕ್ಕು ತರುವಷ್ಟು ದುಡ್ಡು ಎರಡು ಹಸುವಿನ ಮನೆಯಲ್ಲಿ ಇರುವುದಿಲ್ಲ. ಮತದಾರರ ಕರಡು ಪಟ್ಟಿಯನ್ನು ಸಂಘದ ನೋಟಿಸ್ ಬೋರ್ಡಿಗೆ ಹಾಕಿದ ದಿನವೇ ಹೋಗಿ ಓದಿ, ಹೆಸರು ಬಿಟ್ಟಿದ್ದರೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟು ಸೀಲು ಹಾಕಿಸಿಕೊಳ್ಳಿ.