ಲೋಗೋ ಇನ್ನೂ ಸ್ವಲ್ಪ ದೊಡ್ಡದು ಮಾಡಿ

"ಸೈಕಲ್ ಅವರದ್ದು, ಕಾಲು ಅವರದ್ದು, ರಸ್ತೆ ಸರ್ಕಾರದ್ದು. ಇದರಲ್ಲಿ ನಿಮ್ಮ ಖರ್ಚೇನ್ರೀ?"

ಹವ್ಯಾಸಿಗಳ ಸೈಕಲ್ ರೇಸ್‌ಗೆ ದುಡ್ಡು ಕೇಳಲು ಹೋದವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ. ಹೊರಗಿನಿಂದ ನೋಡಿದರೆ ಅಷ್ಟೇ ಅಲ್ವಾ? ಒಂದಷ್ಟು ಜನ ಬಿಗಿ ಬಟ್ಟೆ ಹಾಕಿಕೊಂಡು ಬರುತ್ತಾರೆ, ಯಾರೋ ಸೀಟಿ ಊದುತ್ತಾರೆ, ಎಲ್ಲರೂ ತುಳಿಯುತ್ತಾರೆ, ಒಬ್ಬರು ಗೆಲ್ಲುತ್ತಾರೆ. ಸೀಟಿಗೆ ಎಷ್ಟು ಖರ್ಚಾದೀತು?

ನಮ್ಮ ಗುಂಪಿನ ಖಜಾಂಚಿ ಈ ಪ್ರಶ್ನೆ ಕೇಳಿದ ಕೂಡಲೇ ಬ್ಯಾಗಿನಿಂದ ಪಟ್ಟಿ ತೆಗೆಯುತ್ತಾರೆ. ಪೊಲೀಸ್ ಅನುಮತಿ, ವಿಮೆ, ಬ್ಯಾರಿಕೇಡ್, ಪ್ರತಿ ತಿರುವಿನಲ್ಲೂ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳು, ಮುಂದೊಂದು ಬೈಕು, ಹಿಂದೊಂದು ವ್ಯಾನು, ಫಿನಿಶ್ ಲೈನಿಗೆ ಕ್ಯಾಮೆರಾ, ಸೈಕಲ್ಲಿನ ಫೋರ್ಕಿಗೆ ಕಟ್ಟುವ ಟೈಮಿಂಗ್ ಚಿಪ್ಪು, ಶೌಚಾಲಯ. ಆಂಬ್ಯುಲೆನ್ಸ್ ಎರಡು. ಎರಡು ಯಾಕೆ ಅಂತ ಕೇಳೇ ಕೇಳುತ್ತಾರೆ. ಒಂದೇ ಇದ್ದು, ಅದು ಯಾರನ್ನೋ ಆಸ್ಪತ್ರೆಗೆ ಸಾಗಿಸಿದರೆ, ವಾಪಸ್ ಬರುವ ತನಕ ರೇಸ್ ನಿಲ್ಲಿಸಬೇಕಾಗುತ್ತದೆ ಸರ್, ಅದಕ್ಕೆ. ಈ ಮಾತು ಕೇಳಿದ ಮೇಲೆ ಎದುರಿಗೆ ಕೂತವರ ಮುಖ ಸ್ವಲ್ಪ ಬಾಡುತ್ತದೆ.

"ಬೀಳ್ತಾರಾ?"

ಖಜಾಂಚಿಗೆ ಸುಳ್ಳು ಹೇಳೋಕೆ ಬರುವುದಿಲ್ಲ. "ಬೀಳ್ತಾರೆ ಸರ್. ಮುಂದೆ ಒಬ್ಬ ಬಿದ್ದರೆ ಹಿಂದೆ ಹತ್ತು ಜನ ಬೀಳ್ತಾರೆ."

ಅಲ್ಲಿಗೆ ಆ ಮೀಟಿಂಗ್ ಮುಗಿಯಿತು. ಈಗೀಗ ಅವರನ್ನು ಗಾಡಿ ಕಾಯಲು ಹೊರಗೆ ಬಿಟ್ಟು, ಪಟ್ಟಿ ಮಾತ್ರ ತೆಗೆದುಕೊಂಡು ನಾವು ಒಳಗೆ ಹೋಗುತ್ತೇವೆ.

ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. "ಎಷ್ಟು ಜನ ನೋಡ್ತಾರೆ?" ನಿಜ ಹೇಳಬೇಕೆಂದರೆ ರೋಡ್ ರೇಸ್‌ನಷ್ಟು ನೋಡಲು ಆಗದ ಆಟ ಇನ್ನೊಂದಿಲ್ಲ. ರಸ್ತೆ ಬದಿಯಲ್ಲಿ ನಿಂತವರು ಒಂದು ಗಂಟೆ ಕಾಯುತ್ತಾರೆ. ದೂರದಲ್ಲಿ ಬೈಕ್ ಕಾಣುತ್ತದೆ. ಬಂದ್ರು ಬಂದ್ರು ಅನ್ನುವಷ್ಟರಲ್ಲಿ ಸುಂಯ್ ಅಂತ ಹೋಗಿರುತ್ತಾರೆ. ಫೋನ್ ತೆಗೆದು ಕ್ಯಾಮೆರಾ ಆನ್ ಮಾಡಿದವರಿಗೆ ಸಿಗುವುದು ಕೊನೆಯವನ ಬೆನ್ನು. ಗುಂಪಿನಲ್ಲಿ ಯಾರಿದ್ದರು, ಜೆರ್ಸಿ ಮೇಲೆ ಯಾವ ಕಂಪನಿ ಇತ್ತು, ದೇವರಿಗೇ ಗೊತ್ತು. ಇದನ್ನು ದುಡ್ಡು ಕೊಡುವವರ ಮುಂದೆ ಹೇಗೆ ಹೇಳುವುದು?

ಅದಕ್ಕೇ ಕ್ರೈಟೀರಿಯಮ್ ಅಂತ ಒಂದು ಉಪಾಯ ಇದೆ. ಒಂದೆರಡು ಕಿಲೋಮೀಟರಿನ ಸಣ್ಣ ಸುತ್ತು, ಅದನ್ನೇ ಸುತ್ತುತ್ತಾ ಇರುವುದು. ನೋಡುವವರಿಗೆ ಕೆಲವೇ ನಿಮಿಷಕ್ಕೊಮ್ಮೆ ರೇಸ್ ಕಾಣುತ್ತದೆ, ಬ್ಯಾನರ್ ಹಾಕಿದವರಿಗೆ ಅದೇ ಬ್ಯಾನರ್ ಮುಂದೆ ಅದೇ ಜನ ಮತ್ತೆ ಮತ್ತೆ ಹಾದುಹೋಗುವ ಸಂತೋಷ, ಮುಚ್ಚಬೇಕಾದ ರಸ್ತೆಯೂ ಕಡಿಮೆ. ಮಧ್ಯದಲ್ಲಿ ಪ್ರೀಮ್ ಬೇರೆ ಇಡಬಹುದು. ಪ್ರೀಮ್ ಅಂದರೆ ನಡುವಿನ ಸುತ್ತಿಗೆ ಸಣ್ಣ ಬಹುಮಾನ. ಗಂಟೆ ಹೊಡೆದರೆ ಮುಂದಿನ ಸಲ ಗೆರೆ ಮೊದಲು ದಾಟಿದವರಿಗೆ ಅದು. ಇಡೀ ರೇಸ್‌ಗೆ ದುಡ್ಡು ಕೊಡಲಾಗದವರು ಒಂದು ಪ್ರೀಮ್‌ಗೆ ಖುಷಿಯಿಂದ ಕೊಡುತ್ತಾರೆ. ಮೈಕಿನಲ್ಲಿ ಅವರ ಹೆಸರು ಕೂಗಿದ ಮೇಲೆ ಪಕ್ಕದವರೂ ಜೇಬಿಗೆ ಕೈ ಹಾಕುತ್ತಾರೆ. ಸೈಕಲ್ ರೇಸ್ ಕಂಡುಹಿಡಿದವರಿಗಿಂತ ಪ್ರೀಮ್ ಕಂಡುಹಿಡಿದವರೇ ಜಾಣರು ಅಂತ ನನ್ನ ಅಭಿಪ್ರಾಯ.

ತೊಂದರೆ ಏನಂದರೆ ಪ್ರೀಮ್‌ಗೂ ಅದೇ ಗಂಟೆ, ಕೊನೇ ಸುತ್ತಿಗೂ ಅದೇ ಗಂಟೆ. ಒಮ್ಮೆ ಮುಖ್ಯ ಪ್ರಾಯೋಜಕರು ಮಗನನ್ನೂ ಕರೆದುಕೊಂಡು ಬಂದಿದ್ದರು. ಏಳೆಂಟು ವರ್ಷದ ಹುಡುಗ. "ಗಂಟೆ ಇವನೇ ಹೊಡೀಲಿ" ಅಂದರು. ದುಡ್ಡು ಕೊಟ್ಟವರ ಮಗ, ಬೇಡ ಅನ್ನೋಕಾಗುತ್ತಾ? ಹುಡುಗನಿಗೆ ಗಂಟೆ ಹಿಡಿಸಿಬಿಟ್ಟಿತು. ಒಂದು ಸಲ ಹೊಡೆದ, ಪ್ರೀಮ್ ಆಯಿತು. ಅದರ ಮುಂದಿನ ಸುತ್ತಿಗೂ ಹೊಡೆದ. ಕೊನೇ ಸುತ್ತು ಹತ್ತಿರ ಬಂದಾಗ, ಇನ್ನೂ ಎರಡು ಸುತ್ತು ಬಾಕಿ ಇರುವಾಗಲೇ, ಎರಡೂ ಕೈಯಲ್ಲಿ ಹಿಡಿದು ಢಣಢಣ ಬಾರಿಸಿದ. ಲ್ಯಾಪ್ ಬೋರ್ಡಿನಲ್ಲಿ 2 ಅಂತ ಸರಿಯಾಗಿಯೇ ಇತ್ತು. ಆದರೆ ನಾಲಿಗೆ ಹೊರಗೆ ಬಿದ್ದಿರುವ ಹೊತ್ತಿನಲ್ಲಿ ಯಾರು ಬೋರ್ಡ್ ನೋಡುತ್ತಾರೆ? ಒಬ್ಬ ತರುಣ ಪ್ರಾಣ ಕೈಯಲ್ಲಿ ಹಿಡಿದು ಸ್ಪ್ರಿಂಟ್ ಮಾಡಿದ. ಎಲ್ಲರಿಗಿಂತ ಮೊದಲು ಗೆರೆ ದಾಟಿದ, ಎರಡೂ ಕೈ ಮೇಲೆತ್ತಿದ, ಆಕಾಶದ ಕಡೆ ನೋಡಿ ಯಾರಿಗೋ ಕೈ ಮುಗಿದ. ಅಷ್ಟರಲ್ಲಿ ಅವನ ಎಡಕ್ಕೂ ಬಲಕ್ಕೂ ಇಡೀ ಗುಂಪು ತಲೆ ತಗ್ಗಿಸಿಕೊಂಡು ತುಳಿಯುತ್ತಾ ಮುಂದೆ ಹೋಯಿತು. ಅವನಿನ್ನೂ ಕೈ ಮುಗಿಯುತ್ತಲೇ ಇದ್ದ. ಮೈಕಿನವರು "ಇನ್ನೊಂದು ಸುತ್ತು ಇದೆ, ಇನ್ನೊಂದು ಸುತ್ತು ಇದೆ" ಅಂತ ಕಿರುಚಿದರೆ ಅದನ್ನೂ ಅಭಿನಂದನೆ ಅಂದುಕೊಂಡು ಕೈ ಬೀಸಿದ. ಆಮೇಲೆ ಅವನ ಮುಖ ನೋಡೋಕೆ ನನ್ನಿಂದಾಗಲಿಲ್ಲ. ಪ್ರಾಯೋಜಕರಿಗೆ ಮಾತ್ರ ಅದೇ ದಿನದ ಅತ್ಯುತ್ತಮ ಕ್ಷಣ ಆಗಿತ್ತಂತೆ. ಮಗ ಚೆನ್ನಾಗಿ ಗಂಟೆ ಹೊಡೆದ, ಅಲ್ವಾ?

ಹೀಗೆ ದುಡ್ಡಿಗಾಗಿ ಹಲ್ಲು ಗಿಂಜುವಾಗ ಮರ್ಯಾದೆ ಹೋಯಿತು ಅನ್ನಿಸುವುದುಂಟು. ಆಗ ಹಳೆಯ ಕಥೆಗಳು ಕೈ ಹಿಡಿಯುತ್ತವೆ. ಈ ಆಟದಲ್ಲಿ ಬರೀ ಆಟದ ಮೇಲಿನ ಪ್ರೀತಿಗೆ ದುಡ್ಡು ಹಾಕಿದವರು ಮೊದಲಿನಿಂದಲೂ ಕಡಿಮೆಯೇ. 1896ರಲ್ಲಿ ಫ್ರಾನ್ಸಿನ ಪ್ಯಾರಿಸ್-ರೂಬೆ ರೇಸ್ ಶುರುವಾಗಿದ್ದು, ರೂಬೆ ಊರಿನ ಇಬ್ಬರು ಗಿರಣಿ ಮಾಲೀಕರಿಗೆ ತಾವು ಕಟ್ಟಿಸಿದ್ದ ಹೊಸ ವೆಲೋಡ್ರೋಮ್‌ಗೆ, ಅಂದರೆ ಸೈಕಲ್ ರೇಸ್‌ನ ಕ್ರೀಡಾಂಗಣಕ್ಕೆ, ಪ್ರಚಾರ ಬೇಕಿತ್ತು ಅಂತ. 1903ರಲ್ಲಿ ಟೂರ್ ದ ಫ್ರಾನ್ಸ್ ಹುಟ್ಟಿದ್ದು ಲೋಟೋ ಅನ್ನುವ ಪತ್ರಿಕೆ ಖರ್ಚಾಗುತ್ತಿರಲಿಲ್ಲ ಅಂತ. ಎದುರಾಳಿ ಪತ್ರಿಕೆ ಲ ವೆಲೋ ಹಸಿರು ಕಾಗದದಲ್ಲಿ ಬರುತ್ತಿತ್ತು, ಇವರದ್ದು ಹಳದಿ. ಅದೇ ಹಳದಿ 1919ರಲ್ಲಿ ಮುಂಚೂಣಿಯಲ್ಲಿರುವವನ ಜೆರ್ಸಿಗೆ ಬಂತು. ಇಟಲಿಯ ದೊಡ್ಡ ರೇಸ್ ಜಿರೋ ದಿತಾಲಿಯಾ 1909ರಿಂದ ಗುಲಾಬಿ ಕಾಗದದ ಗಜೆಟ್ಟಾ ಪತ್ರಿಕೆಯದ್ದು, ಹಾಗಾಗಿ ಅಲ್ಲಿನ ಜೆರ್ಸಿ ಗುಲಾಬಿ. ಜನ ಭಕ್ತಿಯಿಂದ ನೋಡುವ ಆ ಬಣ್ಣಗಳೆಲ್ಲ ಅಸಲಿಗೆ ರದ್ದಿ ಕಾಗದದ ಬಣ್ಣ.

ನನಗೆ ಎಲ್ಲಕ್ಕಿಂತ ಸಮಾಧಾನ ಕೊಡುವುದು ಆ ಮೊದಲ ಟೂರ್‌ನ ನೋಂದಣಿ ಕಥೆ. ಮೇ ಕೊನೆಗೆ ಶುರು ಮಾಡೋಣ ಅಂತ ಘೋಷಣೆ ಆಯಿತು. ಹೆಸರು ಕೊಟ್ಟವರು ಹದಿನೈದೇ ಜನ. ಸಂಘಟಕ ಆಂರಿ ದೆಗ್ರಾಂಜ್ ದಿನಾಂಕ ಜುಲೈಗೆ ತಳ್ಳಿದರು, ಪ್ರವೇಶ ಶುಲ್ಕವನ್ನು 20 ಫ್ರಾಂಕಿನಿಂದ 10ಕ್ಕೆ ಇಳಿಸಿದರು, ಮೇಲಿಂದ ದಿನಕ್ಕಿಷ್ಟು ಅಂತ ಭತ್ಯೆಯನ್ನೂ ಸೇರಿಸಿದರು. ಕಡೆಗೆ ಜುಲೈ 1ರಂದು ಹೊರಟವರು 60 ಜನ, ಮುಗಿಸಿದವರು 21. ಜಗತ್ತಿನ ಅತಿ ದೊಡ್ಡ ರೇಸ್‌ಗೇ ಈ ಗತಿ ಇದ್ದ ಮೇಲೆ, ನಮ್ಮ ಗೂಗಲ್ ಫಾರ್ಮ್ ಖಾಲಿ ಬಿದ್ದಿದ್ದರೆ ಯಾರು ನಗಬೇಕು?

ಫಾರ್ಮ್ ಖಾಲಿ ಇರುತ್ತದೆ, ಕೊನೆಯ ದಿನದ ಸಂಜೆ ತನಕ. ಪೋಸ್ಟರ್ ಹಾಕಿದ ದಿನ ವಾಟ್ಸಾಪಿನಲ್ಲಿ ಹೆಬ್ಬೆರಳುಗಳ ಮಳೆ. "ಸೂಪರ್ ಗುರು", "ಖಂಡಿತ ಬರ್ತೀವಿ", "ನಮ್ಮ ಇಡೀ ಗ್ಯಾಂಗ್ ಬರುತ್ತೆ". ಆ ಗ್ಯಾಂಗ್‌ಗಳೆಲ್ಲ ಬಂದಿದ್ದರೆ ರಸ್ತೆ ಸಾಲುತ್ತಿರಲಿಲ್ಲ. ಬೇಗ ಹೆಸರು ಕೊಟ್ಟವರಿಗೆ ಶುಲ್ಕದಲ್ಲಿ ರಿಯಾಯಿತಿ ಇಟ್ಟರೂ ಕದಲುವುದಿಲ್ಲ. ಯಾಕೆಂದರೆ ಸೈಕಲ್ ತುಳಿಯುವವರು ಎರಡು ವಿಷಯ ತಿಳಿಯದೆ ಹೆಸರು ಕೊಡುವುದಿಲ್ಲ. ಮಳೆ ಬರುತ್ತಾ? ಮತ್ತೆ, ಪ್ರತೀ ಸಲ ಗೆಲ್ಲುವ ಆ ಮನುಷ್ಯ ಬರ್ತಿದಾನಾ? ಎರಡನೆಯದ್ದು ತಿಳಿಯಲು ಫೋನ್ ಕೂಡ ಮಾಡುತ್ತಾರೆ, ಮಾರ್ಗದ ಬಗ್ಗೆ ಏನೋ ಕೇಳುವ ನೆಪದಲ್ಲಿ. ಗೆಲ್ಲುವ ಆ ಮನುಷ್ಯನೂ ಫೋನ್ ಮಾಡುತ್ತಾನೆ, ಬಹುಮಾನ ಎಷ್ಟು ಅಂತ.

ಪ್ರಚಾರದ ಬಗ್ಗೆ ನನಗೆ ತಿಳಿದ ಒಂದೇ ಗುಟ್ಟು ಹೇಳಿಬಿಡುತ್ತೇನೆ. ಪೋಸ್ಟರ್ ಯಾರೂ ಓದುವುದಿಲ್ಲ. ಒಬ್ಬ ಒಳ್ಳೆ ಫೋಟೋಗ್ರಾಫರ್‌ನನ್ನು ಕಡಿದಾದ ಏರಿನ ಮೇಲೆ ನಿಲ್ಲಿಸಬೇಕು. ಕೊನೆಗೆ ಬಂದವನ ಫೋಟೋ ಕೂಡ ಗೆದ್ದವನಷ್ಟೇ ಚೆನ್ನಾಗಿ ತೆಗೆಸಿ ಅವತ್ತು ರಾತ್ರಿಯೇ ಹಂಚಬೇಕು. ಆಮೇಲೆ ಪ್ರಚಾರ ಅವರೇ ಮಾಡಿಕೊಳ್ಳುತ್ತಾರೆ, ಡಿಪಿ ಒಂದು ವರ್ಷ ಬದಲಾಗುವುದಿಲ್ಲ. ಹೆಂಗಸರ ರೇಸ್‌ಗೂ ಅಷ್ಟೇ ಫೋಟೋ, ಅಷ್ಟೇ ಬಹುಮಾನ ಇಡಬೇಕು. "ಬರೋದು ನಾಲ್ಕು ಜನ, ಅದಕ್ಯಾಕೆ ಇಷ್ಟು?" ಅನ್ನುವ ಪ್ರಾಯೋಜಕರು ಸಿಗುತ್ತಾರೆ. ಇಷ್ಟು ಇಡದೇ ಇದ್ದದ್ದಕ್ಕೇ ನಾಲ್ಕು ಜನ ಸರ್, ಅಂತ ನಗುನಗುತ್ತಾ ಹೇಳಿ ಪಟ್ಟಿಯ ಮುಂದಿನ ಸಾಲಿಗೆ ಹೋಗುವುದು ಒಳ್ಳೆಯದು.

ಫೋಟೋದಲ್ಲೂ ಒಂದು ಎಡವಟ್ಟಿದೆ. ಬೆನ್ನಿಗೆ ಹಚ್ಚುವ ನಂಬರಿನ ಕೆಳಗೆ ಪ್ರಾಯೋಜಕರ ಹೆಸರಿನ ಪಟ್ಟಿ ಇರುತ್ತದೆ. ಅದು ಸಾಲದು, ಲೋಗೋ ಇನ್ನೂ ಸ್ವಲ್ಪ ದೊಡ್ಡದು ಮಾಡಿ, ಇನ್ನೂ ಸ್ವಲ್ಪ, ಅಂತ ಹೇಳಿ ಹೇಳಿ ಒಬ್ಬರು ನಂಬರನ್ನೇ ಸಣ್ಣದು ಮಾಡಿಸಿದ್ದರು. ಸ್ಪರ್ಧಿಗಳ ಕಥೆ ಬೇರೆ. ನಂಬರು ಗಾಳಿಗೆ ಪಟಪಟ ಹೊಡೆದುಕೊಂಡರೆ ವೇಗ ಕಡಿಮೆಯಾಗುತ್ತದೆ ಅಂತ ಅವರ ಚಿಂತೆ. ರೇಸ್‌ಗೆ ಮುಂಚೆ ಒಬ್ಬರು ಬಗ್ಗಿ ನಿಲ್ಲುತ್ತಾರೆ, ಗೆಳೆಯ ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು ನಂಬರು ಹಚ್ಚುತ್ತಾನೆ. ಮೊದಲು ಕಾಗದವನ್ನು ಮುದ್ದೆ ಮಾಡಿ ಬಿಡಿಸುತ್ತಾನೆ, ಮೆತ್ತಗಾಗಲಿ ಅಂತ. ಆಮೇಲೆ ಜೆರ್ಸಿಯ ಬಟ್ಟೆ ಎಳೆದು ನಾಲ್ಕು ಮೂಲೆಗೆ ನಾಲ್ಕು ಪಿನ್ನು, ಒಂದು ಪಿನ್ನು ಚರ್ಮಕ್ಕೆ, "ಅಯ್ಯೋ" ಅಂತ ಒಂದು ಕೂಗು, ಅದನ್ನು ತೆಗೆದು ಮತ್ತೆ. ನಂಬರು ಮಡಿಸಬಾರದು ಅಂತ ಮೈಕಿನಲ್ಲಿ ಹೇಳುತ್ತಲೇ ಇರುತ್ತೇವೆ. ಮಡಿಸಿಯೇ ಮಡಿಸುತ್ತಾರೆ. ಅಂಕಿ ಮಡಿಸಿದರೆ ತೀರ್ಪುಗಾರರು ಬಿಡುವುದಿಲ್ಲ, ಆದ್ದರಿಂದ ಮಡಿಕೆಗೆ ಹೋಗುವುದು ಏನು? ಲೋಗೋ. ಅವತ್ತಿನ ಫೋಟೋಗಳಲ್ಲಿ ಎಲ್ಲರ ಬೆನ್ನ ಮೇಲೂ ಪ್ರಾಯೋಜಕರ ಹೆಸರಿನ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಗೆದ್ದವನ ಫೋಟೋದಲ್ಲಿ ಅದೂ ಇಲ್ಲ. ವೃತ್ತಿಪರರು ಗೆಲುವು ಖಾತ್ರಿಯಾದರೆ ಗೆರೆ ದಾಟುವ ಮೊದಲು ಜೆರ್ಸಿಯ ಜಿಪ್ಪು ಎಳೆದು, ಎದೆ ಮೇಲಿನ ಹೆಸರು ಕಾಣುವ ಹಾಗೆ ಮಾಡಿಕೊಂಡೇ ಕೈ ಎತ್ತುತ್ತಾರೆ. ನಮ್ಮವನು ಸೆಕೆಗೆ ಜಿಪ್ಪು ಪೂರಾ ಬಿಚ್ಚಿದ್ದ. ಫೋಟೋದಲ್ಲಿ ಬನಿಯನ್ನು, ಅದರ ಮೇಲೆ ಬೇರೆ ಯಾವುದೋ ಕಂಪನಿಯ ಹೆಸರು.

ಇಷ್ಟಾದ ಮೇಲೂ ಕೊಡುವವರು ಕೊಡುತ್ತಾರೆ. ಕ್ಯಾಶ್ ಕೇಳಬೇಡಿ, ಐಟಂ ಕೊಡ್ತೀವಿ ಅನ್ನುವವರೇ ಜಾಸ್ತಿ. ಹೀಗೆ ಬಂದ ಐಟಂಗಳಲ್ಲಿ ಟೀ ಶರ್ಟುಗಳಿದ್ದವು, ಎಲ್ಲವೂ ಡಬಲ್ ಎಕ್ಸ್‌ಎಲ್. ಸೈಕಲ್ ರೇಸ್ ಓಡುವವರನ್ನು ನೋಡಿದ್ದೀರಲ್ಲ, ಒಂದು ಟೀ ಶರ್ಟಿನಲ್ಲಿ ಇಬ್ಬರು ಹಿಡಿಯುತ್ತಾರೆ. ಸ್ಕೂಟರ್ ಕೊಂಡರೆ ರಿಯಾಯಿತಿ ಅನ್ನುವ ಕೂಪನ್ನು ಬಂತು. ಉಚಿತ ದಂತ ತಪಾಸಣೆ ಬಂತು, ಅದು ಮಾತ್ರ ಉಪಯೋಗಕ್ಕೂ ಬಂತು. ಒಂದು ಹಾಸಿಗೆ ಅಂಗಡಿಯವರು ದಿಂಬು ಕೊಟ್ಟರು.

ಸೈಕಲ್ಲಿಗೂ ದಿಂಬಿಗೂ ಏನು ಸಂಬಂಧ ಅಂತ ಕೆಲವರು ಮೂಗು ಮುರಿದರು. ಅವರಿಗೆ ನಾನು ಇಟಲಿಯ ಸೈಕಲ್ ರೇಸ್‌ಗಾರ ಫಿಯೊರೆಂಜೊ ಮಾನ್ಯಿಯ ಕಥೆ ಹೇಳಿದೆ. ಎರಡನೇ ಮಹಾಯುದ್ಧದ ನಂತರ ಇಟಲಿಯಲ್ಲಿ ಜನ ಸ್ಕೂಟರಿನ ಕಡೆ ತಿರುಗಿದರು, ಸೈಕಲ್ ಕಂಪನಿಗಳ ಹತ್ತಿರ ತಂಡ ಸಾಕುವಷ್ಟು ದುಡ್ಡು ಉಳಿಯಲಿಲ್ಲ. ಆಗ 1954ರಲ್ಲಿ ಈ ಮಾನ್ಯಿ ಹೋಗಿ ನಿವಿಯಾ ಕ್ರೀಮಿನವರನ್ನು ಪ್ರಾಯೋಜಕರನ್ನಾಗಿ ಹಿಡಿದುಕೊಂಡು ಬಂದ. ಮುಖಕ್ಕೆ ಹಚ್ಚುವ ಕ್ರೀಮು. ಮಾನ್ಯಿ ಬೋಳು ತಲೆಯ, ಗಟ್ಟಿ ಮುಖದ ಆಸಾಮಿ, ಕ್ರೀಮಿನ ಜಾಹೀರಾತಿಗೆ ಯಾರೂ ಹುಡುಕಿಕೊಂಡು ಹೋಗುವ ಮುಖ ಅಲ್ಲ. ಮೊದಮೊದಲು ಗಲಾಟೆ ಆಯಿತು, ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಅದಕ್ಕೂ ಮೊದಲು, 1930ರಿಂದಲೇ, ಟೂರ್‌ನಲ್ಲಿ ಸ್ಪರ್ಧಿಗಳ ಮುಂದೆ ಪ್ರಚಾರದ ಗಾಡಿಗಳ ಮೆರವಣಿಗೆ ಚಾಕೊಲೇಟ್ ಹಂಚುತ್ತಾ ಹೋಗುತ್ತಿತ್ತು. ರಸ್ತೆ ಬದಿಯ ಮಕ್ಕಳಿಗೆ ರೇಸ್ ಅಂದರೆ ಅದೇ. ಇಷ್ಟೆಲ್ಲ ನಡೆದಿರುವಾಗ ನಮ್ಮದೊಂದು ದಿಂಬು ಯಾವ ಲೆಕ್ಕ?

ಪೋಡಿಯಂ ಮೇಲೆ ಮೂವರನ್ನು ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ದಿಂಬು ಕೊಟ್ಟೆವು. ಬೆವರು, ಧೂಳು, ಒಬ್ಬನ ಮೊಣಕೈಗೆ ಬ್ಯಾಂಡೇಜು. ಮೂರನೇ ಸ್ಥಾನದವನು ನಿಂತಲ್ಲೇ ದಿಂಬಿಗೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿದ. ಸುಮ್ನೆ ತಮಾಷೆಗೆ ಮಾಡಿದ್ದು ಅಂತ ಆಮೇಲೆ ಹೇಳಿದ, ನಾನು ನಂಬುವುದಿಲ್ಲ. ಫೋಟೋಗ್ರಾಫರ್ ಅದನ್ನು ಹಿಡಿದ. ಏರಿನ ಮೇಲಿನ ಚಂದದ ಫೋಟೋಗಳನ್ನೆಲ್ಲ ಬಿಟ್ಟು ಜನ ಅದೊಂದನ್ನೇ ಹಂಚಿದರು. ಸೈಕಲ್ ಮುಟ್ಟದವರೂ ಹಂಚಿದರು. ದಿಂಬಿನ ಮೇಲೆ ಅಂಗಡಿಯ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು, ಯಾರೂ ಮಡಿಸಿರಲಿಲ್ಲ.

ಹಾಸಿಗೆ ಅಂಗಡಿಯವರು ತಾವಾಗೇ ಫೋನ್ ಮಾಡಿದರು. ಮುಂದಿನ ರೇಸ್‌ಗೆ ಕ್ಯಾಶ್ ಕೂಡ ಕೊಡುತ್ತಾರಂತೆ. ಒಂದೇ ಷರತ್ತು, ಫಿನಿಶ್ ಲೈನ್ ಆದಮೇಲೆ ಒಂದು ಡಬಲ್ ಬೆಡ್ ಇಡಬೇಕು, ಬಂದವರು ಬಂದ ಹಾಗೆ ಅದರ ಮೇಲೆ ಬೀಳಬೇಕು. ಖಜಾಂಚಿ ಪಟ್ಟಿ ತೆಗೆದು, ಹಾಸಿಗೆಗೆ ಪ್ಲಾಸ್ಟಿಕ್ ಕವರ್ ಯಾರ ಖರ್ಚು ಅಂತ ಕೇಳಿದ್ದಾರೆ. ಮಾತುಕತೆ ನಡೆಯುತ್ತಿದೆ.